ನೀರು ಬರೆದ ಚಿತ್ರ

ಚೀನಾ ಮತ್ತು ಜಪಾನು ದೇಶಗಳ ಮಸಿಯ ಚಿತ್ರಗಳನ್ನು ಮೊದಲ ಬಾರಿಗೆ ಕಾಣುವವರು ಸಾಮಾನ್ಯವಾಗಿ ಮಸಿಯನ್ನೇ ನೋಡುತ್ತಾರೆ. ಕಪ್ಪು ಎಲ್ಲಿ ದಟ್ಟವಾಗಿದೆ, ಎಲ್ಲಿ ತೆಳುವಾಗಿದೆ, ಗೆರೆ ಎಲ್ಲಿ ತಿರುಗಿದೆ ಎಂಬುದರ ಕಡೆಗೇ ಅವರ ಲಕ್ಷ್ಯ. ಆದರೆ ಆ ಚಿತ್ರದ ನಿಜವಾದ ಕರ್ತೃ ಅಷ್ಟರಲ್ಲಿ ಮರೆಯಾಗಿ ಹೋಗಿರುತ್ತದೆ. ಅದು ನೀರು. ದೀಪದ ಕಾಡಿಗೆಯನ್ನೋ ಪೈನ್ ಮರದ ಹೊಗೆಯ ಮಸಿಯನ್ನೋ ಅಂಟಿನೊಡನೆ ಕಲಸಿ ಒಣಗಿಸಿದ ಕಡ್ಡಿಯನ್ನು ನೀರಿನೊಡನೆ ಕಲ್ಲಿನ ಮೇಲೆ ತೇಯ್ದಾಗಲೇ ಅದು ಬರೆಯುವ ಮಸಿಯಾಗುವುದು. ಗಂಧ ತೇಯುವ ಮನೆಗಳಿಗೆ ಈ ಕೆಲಸ ಅಪರಿಚಿತವಲ್ಲ. ಕಪ್ಪೊಂದರಲ್ಲಿಯೇ ಹಲವು ಛಾಯೆಗಳನ್ನು ಹುಟ್ಟಿಸುವುದು ನೀರಿನ ಹೆಚ್ಚು ಕಡಿಮೆ. ಮಸಿಯನ್ನು ಕಾಗದದೊಳಕ್ಕೆ ಒಯ್ಯುವುದೂ ನೀರೇ, ಒಯ್ದಮೇಲೆ ಗಾಳಿಗೆ ಸೇರಿಹೋಗುವುದೂ ನೀರೇ. ಒಮ್ಮೆ ಹರಡಿದುದನ್ನು ಅಳಿಸುವಂತಿಲ್ಲ. ಆದುದರಿಂದ ಅಂಥ ಚಿತ್ರವೆಂದರೆ ಬಂದುಹೋದ ನೀರಿನ ಹೆಜ್ಜೆಗುರುತು.

ಅನಿತ್ಯವೆಂಬ ಬೌದ್ಧರ ಮಾತು ಆ ದೇಶಗಳ ಕಲೆಯಲ್ಲಿ ಇಷ್ಟು ಆಳಕ್ಕೆ ಇಳಿದುದಕ್ಕೆ ಸಾಮಗ್ರಿಯ ಈ ಗುಣವೂ ಒಂದು ಕಾರಣವೆನ್ನಬಹುದು. ಅಶೋಕನ ಹೆಸರನ್ನು ಹೊತ್ತಿರುವ ಮೈಸೂರಿನ ಅಶೋಕಪುರಂನಂಥ ಕಡೆಯಲ್ಲಿ ಬುದ್ಧನ ಆ ಮಾತು ಪರದೇಶದ್ದೆಂದು ಯಾರಿಗೂ ತೋರದು. ನೀರು ಚಿಮುಕಿಸಿದ ಅಂಗಳದಲ್ಲಿ ಬೆಳಗ್ಗೆ ಇಟ್ಟ ರಂಗವಲ್ಲಿಯು ಸಂಜೆಗೆ ಕಾಲ ಕೆಳಗೆ ಅಳಿದುಹೋಗುವುದನ್ನು ಕನ್ನಡನಾಡಿನ ಯಾವ ಮನೆಯೂ ನಷ್ಟವೆಂದು ಎಣಿಸಿಲ್ಲ. ಆದರೆ ಪೂರ್ವದೇಶಗಳ ಮಸಿಯ ಕಲೆಗೂ ಮೈಸೂರಿಗೂ ಇರುವ ನಂಟು ಇಂಥ ಹೋಲಿಕೆಗಿಂತ ಹತ್ತಿರದ್ದು. ಅದು ಗುರುಶಿಷ್ಯ ಪರಂಪರೆಯ ನಂಟು.

1903ರಲ್ಲಿ ಯೊಕೊಯಾಮಾ ತೈಕಾನ್, ಹಿಷಿದಾ ಷುನ್‌ಸೋ ಎಂಬ ಇಬ್ಬರು ಜಪಾನೀ ಚಿತ್ರಕಾರರು ಕಲ್ಕತ್ತೆಗೆ ಬಂದರು. ಅವರ ಗುರುಗಳಾದ ಒಕಾಕುರಾ ಅವರು ಅದಕ್ಕೆ ಮೊದಲೇ ಠಾಕೂರರ ಮನೆತನದ ಸ್ನೇಹವನ್ನು ಸಂಪಾದಿಸಿದ್ದರು. ಹೊರಗೆರೆಯನ್ನು ಬಿಟ್ಟು ಮಬ್ಬಿನಲ್ಲಿಯೇ ಆಕಾರವನ್ನು ತೋರಿಸುವ ಈ ಇಬ್ಬರ ರೀತಿಯನ್ನು ಸ್ವದೇಶದ ವಿಮರ್ಶಕರು ‘ಮೋರೋತಾಯ್’, ಅಂದರೆ ಮಸುಕು ಶೈಲಿ, ಎಂದು ಹಾಸ್ಯಮಾಡುತ್ತಿದ್ದರು. ತೈಕಾನರು ಚಿತ್ರದ ಮೇಲೆ ಕುಂಚದಿಂದ ಬರಿಯ ನೀರನ್ನು ಸವರುತ್ತಿದ್ದುದನ್ನು ಅವನೀಂದ್ರನಾಥ ಠಾಕೂರರು ಕಂಡರು. ಕಂಡು ಒಂದು ಹೆಜ್ಜೆ ಮುಂದೆ ಹೋಗಿ, ಬರೆದ ಚಿತ್ರವನ್ನೇ ನೀರಿನಲ್ಲಿ ಅದ್ದಿ ತೆಗೆದರು. ಬಂಗಾಳದ ‘ವಾಶ್’ ಪದ್ಧತಿ ಹುಟ್ಟಿದುದು ಹೀಗೆ. ಮೈಸೂರಿನ ಅರಮನೆಯ ಚಿತ್ರಕಾರರ ವಂಶದಲ್ಲಿ ಜನಿಸಿ, ನಾಲ್ವಡಿ ಕೃಷ್ಣರಾಜ ಒಡೆಯರವರ ಪ್ರೋತ್ಸಾಹದಿಂದ ಕಲ್ಕತ್ತೆಗೆ ಹೋದ ಕೆ. ವೆಂಕಟಪ್ಪನವರು ಇದೇ ಅವನೀಂದ್ರನಾಥರ ಶಿಷ್ಯರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ಪುರಾಣಕಥೆಗಳನ್ನು ಕುರಿತು ಬರೆದು 1913ರಲ್ಲಿ ಪ್ರಕಟವಾದ ಗ್ರಂಥದಲ್ಲಿ ವೆಂಕಟಪ್ಪನವರ ಚಿತ್ರಗಳಿವೆ. ಎಂದಮೇಲೆ ತೋಕಿಯೋ ನಗರದ ಮಬ್ಬು ಕಲ್ಕತ್ತೆಯ ಮಾರ್ಗವಾಗಿ ಮೈಸೂರಿಗೆ ಬಂದಿತೆಂದರೆ ತಪ್ಪಾಗದು. ಬಂದ ಮೇಲೆ ಅದು ಏನಾಯಿತೆಂಬುದೇ ವಿಚಾರಮಾಡಬೇಕಾದ ಸಂಗತಿ.

ಅದಕ್ಕೆ ಮೊದಲು ತೈಕಾನರ ಕಡೆಗೆ ಒಮ್ಮೆ ನೋಡಬೇಕು. ಅವರು 1923ರಲ್ಲಿ ರೇಷ್ಮೆಯ ಮೇಲೆ ಬರಿಯ ಮಸಿಯಿಂದ ಸುಮಾರು 40 ಮೀಟರ್ ಉದ್ದದ ಒಂದು ಸುರುಳಿಯನ್ನು ಚಿತ್ರಿಸಿದರು. ‘ಸೇಯ್‌ಸೇಯ್ ರುತೆನ್’ ಎಂಬುದು ಅದರ ಹೆಸರು. ಹುಟ್ಟಿ ಹುಟ್ಟಿ ತಿರುಗುವುದು ಎಂಬುದು ಅದರ ತಾತ್ಪರ್ಯ. ಅದಕ್ಕೆ ನೀರೇ ನಾಯಕ. ಮಲೆಯ ಮಂಜು ಹನಿಯಾಗಿ, ಹನಿ ತೊರೆಯಾಗಿ, ತೊರೆ ಹೊಳೆಯಾಗಿ, ಹೊಳೆ ಕಡಲಿಗೆ ಸೇರಿ, ಕೊನೆಗೆ ಬಿರುಗಾಳಿಯ ಮುಗಿಲಿನೊಡನೆ ಮೇಲಕ್ಕೇರುತ್ತದೆ. ದಡದಲ್ಲಿ ಮನುಷ್ಯರೂ ಮೃಗಗಳೂ ಅಲ್ಲಲ್ಲಿ ಕಾಣಿಸಿಕೊಂಡು ಹಿಂದುಳಿಯುತ್ತಾರೆ. ಈ ಸುರುಳಿಯು ತೋಕಿಯೋ ನಗರದ ಪ್ರದರ್ಶನದಲ್ಲಿ ಜನರ ಮುಂದೆ ತೆರೆದುದು 1923ನೆಯ ಸೆಪ್ಟೆಂಬರ್ 1ರಂದು. ಅದೇ ದಿನ ಮಧ್ಯಾಹ್ನಕ್ಕೆ ಎರಡು ನಿಮಿಷ ಮೊದಲು ಮಹಾಭೂಕಂಪವಾಯಿತು. ಕಂಪದಿಂದಲೂ ಅದರ ಹಿಂದೆ ಹಬ್ಬಿದ ಬೆಂಕಿಯಿಂದಲೂ ಲಕ್ಷಕ್ಕೂ ಮಿಕ್ಕ ಜನ ಮಡಿದರು, ಚಿತ್ರ ಉಳಿಯಿತು.

ಈ ಕಾಕತಾಳೀಯವು ಚಿತ್ರದ ಬೆಲೆಯನ್ನು ಹೆಚ್ಚಿಸುವುದೂ ಇಲ್ಲ, ಕುಗ್ಗಿಸುವುದೂ ಇಲ್ಲ. ಆದರೆ ಅದು ಒಂದು ಪ್ರಶ್ನೆಯನ್ನು ಎತ್ತುತ್ತದೆ. ತೈಕಾನರ ನೀರು ಎಲ್ಲಿಯೂ ನಾಶವಾಗುವುದಿಲ್ಲ. ರೂಪವನ್ನು ಬದಲಿಸಿ ಹಿಂದಿರುಗುತ್ತದೆ. ಅಲ್ಲಿರುವ ಅನಿತ್ಯವು ಸಮಾಧಾನವನ್ನು ಜೊತೆಯಲ್ಲಿಯೇ ತಂದ ಅನಿತ್ಯ. ಆ ದಿನ ಹೋದ ಜನ ಹಾಗೆ ಹಿಂದಿರುಗುವವರಲ್ಲ. ಇಷ್ಟು ಭವ್ಯವಾದ ಕೃತಿಯಲ್ಲಿ ಕೊರತೆಯೊಂದಿದ್ದರೆ ಅದು ಇದೇ: ಚಕ್ರವು ತಿರುಗುವುದನ್ನು ಅದು ತೋರಿಸಿತು, ಚಕ್ರದ ಕೆಳಗೆ ಸಿಕ್ಕಿದುದನ್ನು ತೋರಿಸಲಿಲ್ಲ.

ವೆಂಕಟಪ್ಪನವರ ದಾರಿ ಬೇರೆ. 1920 ಮತ್ತು 1930ರ ದಶಕಗಳಲ್ಲಿ ಅವರು ಉದಕಮಂಡಲ, ಕೊಡೈಕೆನಾಲುಗಳ ಬೆಟ್ಟಸೀಮೆಯನ್ನು ನೀರ್ಬಣ್ಣದಲ್ಲಿ ಬರೆದರು. ಕಲ್ಕತ್ತೆಯ ಮಬ್ಬನ್ನು ಇಲ್ಲಿ ಹುಡುಕುವವರಿಗೆ ಆಶ್ಚರ್ಯವಾಗುತ್ತದೆ. ಮರ ಮರವಾಗಿಯೇ ಇದೆ, ಬೆಟ್ಟದ ಅಂಚು ಸ್ಫುಟವಾಗಿದೆ, ಕುಂಚದ ಗುರುತೇ ಕಾಣದಷ್ಟು ನುಣುಪಾದ ಕೆಲಸ. ಇಷ್ಟು ನಿಖರವಾದುದರಲ್ಲಿ ಅನಿತ್ಯಕ್ಕೆ ಎಡೆಯೆಲ್ಲಿ, ಇದು ಬರಿಯ ಪ್ರಕೃತಿಯ ಪ್ರತಿಯಲ್ಲವೆ ಎಂಬ ಆಕ್ಷೇಪಣೆ ಸಹಜವಾಗಿಯೇ ಏಳುತ್ತದೆ.

ಇದಕ್ಕೆ ಉತ್ತರವನ್ನು ಆಕಾಶದಲ್ಲಿ ಹುಡುಕಬೇಕು. ವೆಂಕಟಪ್ಪನವರು ಬರೆದುದು ಉದಕಮಂಡಲವನ್ನಲ್ಲ, ಉದಕಮಂಡಲದ ಒಂದು ಹೊತ್ತನ್ನು. ಮುಂಗಾರಿನ ಮೋಡ ಬಿರಿಯುವ ಗಳಿಗೆ, ಸೂರ್ಯ ಮೂಡುವ ಗಳಿಗೆ, ಬೆಳದಿಂಗಳು ಕೆರೆಯ ಮೇಲೆ ನಿಂತ ಗಳಿಗೆ, ಇವು ಅವರ ವಸ್ತುಗಳು. ಅವರು ವೀಣೆ ಶೇಷಣ್ಣನವರಲ್ಲಿ ವೀಣೆಯನ್ನು ಕಲಿತವರೆಂಬುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗದು. ಮೀಟಿದ ತಂತಿಯ ನಾದ ಕ್ಷಣಕ್ಷಣಕ್ಕೂ ಇಳಿಯುತ್ತ ಹೋಗುತ್ತದೆ. ಆದರೆ ಆ ಕ್ಷಣದಲ್ಲಿ ಸ್ವರಸ್ಥಾನ ಕೂದಲೆಳೆಯಷ್ಟೂ ತಪ್ಪಬಾರದು. ಇರುವಷ್ಟು ಹೊತ್ತು ಖಚಿತವಾಗಿರುವುದೂ, ಇರುವ ಹೊತ್ತು ಸ್ವಲ್ಪವೇ ಆಗಿರುವುದೂ ಪರಸ್ಪರ ವಿರುದ್ಧವಲ್ಲ. ತೈಕಾನರು ಹರಿಯುವ ನೀರಿನೊಡನೆ ತಾವೂ ಹರಿದರು. ವೆಂಕಟಪ್ಪನವರು ಇನ್ನೇನು ಕರಗಲಿರುವ ಮಂಜಿನ ಎದುರಿಗೆ ಕದಲದೆ ನಿಂತರು. ಮಬ್ಬಾಗಿ ಬರೆದುದೆಲ್ಲ ಅನಿತ್ಯವಲ್ಲ, ಸ್ಫುಟವಾಗಿ ಬರೆದುದೆಲ್ಲ ನಿತ್ಯವಲ್ಲ ಎಂಬುದಕ್ಕೆ ಆ ಚಿತ್ರಗಳೇ ಸಾಕ್ಷಿ.

ಹಾಗೆಂದು ಅವರು ತೆತ್ತ ಬೆಲೆಯನ್ನು ಮರೆಯಲಾಗದು. ನೀರಿಗೆ ತನ್ನದೇ ಆದ ಒಂದು ಮನಸ್ಸುಂಟು; ಅದು ಚಿತ್ರಕಾರನು ಎಣಿಸದ ಕಡೆಗೂ ಹರಿಯುತ್ತದೆ. ಪೂರ್ವದೇಶಗಳ ಕಲೆ ಆ ಆಕಸ್ಮಿಕಕ್ಕೆ ಬಾಗಿಲನ್ನು ತೆರೆದಿಟ್ಟಿತು. ವೆಂಕಟಪ್ಪನವರು ಮುಚ್ಚಿದರು. ಅವರ ಚಿತ್ರದಲ್ಲಿ ನೀರು ವಿಧೇಯನಾದ ಸೇವಕನಂತೆ ತನ್ನ ಕೆಲಸವನ್ನು ಮುಗಿಸಿ, ಹೆಜ್ಜೆಯ ಸಪ್ಪಳವೂ ಇಲ್ಲದಂತೆ ಹೊರಟುಹೋಗುತ್ತದೆ.

ಈಚಿನ ಚೀನೀ ಕಲಾವಿದರಲ್ಲಿ ಕೆಲವರು ಇದೇ ಪ್ರಶ್ನೆಯನ್ನು ಅದರ ತುದಿಯವರೆಗೆ ಒಯ್ದಿದ್ದಾರೆ. ಸೊಂಗ್ ಡೊಂಗ್ ಎಂಬವರು 1995ರಲ್ಲಿ ಕಲ್ಲಿನ ಹಲಗೆಯ ಮೇಲೆ ಕುಂಚದಿಂದ, ಮಸಿಯಿಲ್ಲದೆ, ಬರಿಯ ನೀರಿನಲ್ಲಿ ದಿನಚರಿ ಬರೆಯಲಾರಂಭಿಸಿದರು. ಬರೆದುದು ಆರಿಹೋಗುತ್ತದೆ, ಕಲ್ಲು ಮಾತ್ರ ಉಳಿಯುತ್ತದೆ. ಅದಕ್ಕೆ ಮೂಲ ವೇದಾಂತವಲ್ಲ, ಬಡತನ: ಕಾಗದ ಮಸಿಗಳ ಖರ್ಚನ್ನು ಉಳಿಸಲೆಂದು ಅವರ ತಂದೆ ಬಾಲ್ಯದಲ್ಲಿ ಹಾಗೆ ಅಕ್ಷರ ತಿದ್ದಿಸಿದ್ದರು. ಕೂಲಿಮಠದಲ್ಲಿ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿದ ಹಿರಿಯರಿದ್ದ ನಾಡಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಇದ್ದಲು ಮತ್ತು ಹುಣಿಸೆಬೀಜದ ಸರಿಯನ್ನು ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆದು, ಬೇಡವಾದಾಗ ಅಳಿಸಿ ಮತ್ತೆ ಬರೆಯುವ ಪದ್ಧತಿಯೂ ಇಲ್ಲಿ ಇದ್ದಿತು. ಚ್ಯೂ ಜಿಜ್ಯೆ ಎಂಬ ಇನ್ನೊಬ್ಬರದು ಇದಕ್ಕೆ ವಿರುದ್ಧವಾದ ದಾರಿ. ಕ್ರಿ.ಶ. 353ರಲ್ಲಿ ವಾಂಗ್ ಷೀಚೀ ತೊರೆಯ ದಡದ ಒಂದು ಗೋಷ್ಠಿಯಲ್ಲಿ, ಸುಖವು ನಿಲ್ಲದೆಂಬುದನ್ನು ನೆನೆದು ಬರೆದ ಪೀಠಿಕೆಯೊಂದು ಚೀನಾದಲ್ಲಿ ಸುಂದರ ಲಿಪಿಗೆ ಮೇಲ್ಪಂಕ್ತಿ. ಅದನ್ನು ಚ್ಯೂ ಅವರು 1990ರಿಂದ 1995ರವರೆಗೆ ಒಂದೇ ಕಾಗದದ ಮೇಲೆ ಸಾವಿರ ಸಲ ಬರೆದರು. ಕಾಗದವೆಲ್ಲ ಕಪ್ಪಾಯಿತು, ಒಂದಕ್ಷರವೂ ಓದಲು ಉಳಿಯಲಿಲ್ಲ.

ಒಬ್ಬರಲ್ಲಿ ಏನೂ ಉಳಿಯದೆ ಬರಹ ಅಳಿಯಿತು. ಇನ್ನೊಬ್ಬರಲ್ಲಿ ಎಲ್ಲವೂ ಉಳಿದು ಬರಹ ಅಳಿಯಿತು. ಇವು ತೀಕ್ಷ್ಣವಾದ ಕೃತಿಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಲ್ಲಿ ರಸಿಕನಿಗೆ ದಕ್ಕುವುದು ಹೆಚ್ಚಾಗಿ ಒಂದು ಭಾವನೆ. ಮತ್ತೆ ಮತ್ತೆ ಎದುರಿಗೆ ಕುಳಿತು ನೋಡಬಹುದಾದ ರೂಪ ಕಡಮೆ. ವೆಂಕಟಪ್ಪನವರ ಮಂಜು ನೂರನೆಯ ನೋಟಕ್ಕೂ ಏನನ್ನಾದರೂ ಕೊಡುತ್ತದೆ. ಆಕಸ್ಮಿಕವನ್ನು ಬಿಟ್ಟುಕೊಟ್ಟು ಅವರು ಗಳಿಸಿದ ಲಾಭ ಇದು, ಅಲ್ಪವಾದುದಲ್ಲ.

ಕೊನೆಗೆ ಒಂದು ವಿಪರ್ಯಾಸವುಂಟು. ಕಾಡಿಗೆಯ ಮಸಿ ಬೆಳಕಿಗೆ ಮಾಸುವುದಿಲ್ಲ; ಅನಿತ್ಯವನ್ನು ಹಾಡುವ ತೈಕಾನರ ಸುರುಳಿಯ ಕಪ್ಪು ಶತಮಾನಗಳ ಕಾಲ ನಿಲ್ಲುವಂಥದು. ನೀರ್ಬಣ್ಣಗಳ ಸ್ಥಿತಿ ಹಾಗಲ್ಲ. ಅವುಗಳಲ್ಲಿ ಹಲವು ಬೆಳಕು ತಾಕಿದಂತೆಲ್ಲ ತೆಳುವಾಗುತ್ತ ಹೋಗುತ್ತವೆ. ಕ್ಷಣವನ್ನು ಹಿಡಿದು ನಿಲ್ಲಿಸಿದ ವೆಂಕಟಪ್ಪನವರ ಚಿತ್ರಗಳೇ, ಸಾಮಗ್ರಿಯ ದೃಷ್ಟಿಯಿಂದ, ಹೆಚ್ಚು ಅನಿತ್ಯವಾದುವು. 1965ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿಯೇ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಚಿತ್ರಶಾಲೆಯೊಂದು ಏರ್ಪಟ್ಟು, ಆ ಚಿತ್ರಗಳು ಅದರ ಸಂಗ್ರಹಕ್ಕೆ ಸೇರಿದುವು. ಅಂಥವನ್ನು ಮಂದವಾದ ಬೆಳಕಿನಲ್ಲಿ, ಮಿತವಾದ ಕಾಲ ಮಾತ್ರ ಪ್ರದರ್ಶಿಸುವುದು ಪಾಲಕರ ಕರ್ತವ್ಯ. ಕತ್ತಲೆಯ ಬಗ್ಗೆ ಗೊಣಗದೆ, ಅವಸರಪಡದೆ ನೋಡುವುದು ನೋಡಬಂದವರ ಕರ್ತವ್ಯ. ಅಶೋಕಪುರಂ ನಿಲ್ದಾಣದಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗುವವರು ಎಂದಾದರೂ ಆ ಚಿತ್ರಗಳ ಮುಂದೆ ನಿಂತರೆ, ಮೋಡ ಬಿರಿದು ಬೆಟ್ಟ ಕಾಣುವ ಆ ಒಂದು ಗಳಿಗೆಯನ್ನು ಮೈಸೂರಿನವರೊಬ್ಬರು ತಮಗಾಗಿಯೇ ತಡೆದು ನಿಲ್ಲಿಸಿದ್ದಾರೆಂಬುದು ತಾನಾಗಿ ಮನಸ್ಸಿಗೆ ಬಂದೀತು.