ಬಿರುಕಿನ ತುದಿಯಲ್ಲಿ ಮಣಿಯುವ ಉಕ್ಕು

1943ರ ಜನವರಿ 16ರ ರಾತ್ರಿ, ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ‘ಸ್ಕೆನೆಕ್ಟಡಿ’ ಎಂಬ ಹೊಸ ತೈಲನೌಕೆ ಕಟ್ಟೆಯ ಬಳಿ ನಿಂತಲ್ಲೇ ಸೀಳಿಹೋಯಿತು. ಅಲೆಯಿಲ್ಲ, ಬಿರುಗಾಳಿಯಿಲ್ಲ, ಚಳಿ ಮಾತ್ರ ಇತ್ತು. ತಳದ ತಗಡುಗಳಷ್ಟೇ ಎರಡು ಹೋಳುಗಳನ್ನು ಹಿಡಿದುಕೊಂಡಿದ್ದವು. ಪ್ರಯೋಗಾಲಯದಲ್ಲಿ ಎಳೆದರೆ ಚೆನ್ನಾಗಿ ಹಿಗ್ಗಿ ಆಮೇಲೆ ಕಡಿಯುವ ಉಕ್ಕು ಅಲ್ಲಿ ಗಾಜಿನಂತೆ ಒಡೆದಿತ್ತು.

ಗಾಜು ಏಕೆ ಒಡೆಯುತ್ತದೆ ಎಂಬುದಕ್ಕೆ ಉತ್ತರವಿತ್ತು. ಇಂಗ್ಲೆಂಡಿನ ಎ. ಎ. ಗ್ರಿಫಿತ್ 1921ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಬಿರುಕು ಮುಂದುವರಿದಾಗ ಬಿಡುಗಡೆಯಾಗುವ ಶಕ್ತಿಯು ಹೊಸ ಮೇಲ್ಮೈ ಹುಟ್ಟಲು ಬೇಕಾದ ಶಕ್ತಿಯನ್ನು ಮೀರಿದರೆ ವಸ್ತು ಮುರಿಯುತ್ತದೆ. ಸೊಗಸಾದ ಲೆಕ್ಕ. ಆದರೆ ಉಕ್ಕಿಗೆ ಹಚ್ಚಿದರೆ ಶಕ್ತಿಯ ಅಂದಾಜು ಸಾವಿರಾರು ಪಟ್ಟು ತಪ್ಪುತ್ತದೆ. ಪ್ರಬಂಧದ ಶೀರ್ಷಿಕೆಯಲ್ಲಿ ಒಡೆತದ ಜೊತೆ ಘನವಸ್ತುಗಳ ಹರಿವೂ, ಅಂದರೆ ಶಾಶ್ವತವಾಗಿ ಮಣಿಯುವುದೂ ಇತ್ತು. ಸೂತ್ರದಲ್ಲಿ ಮಾತ್ರ ಹರಿವಿಗೆ ಜಾಗವಿರಲಿಲ್ಲ.

ಆ ಜಾಗವನ್ನು ಒದಗಿಸಿದವರು ಅಮೆರಿಕದ ನೌಕಾ ಸಂಶೋಧನಾ ಪ್ರಯೋಗಾಲಯದ ಜಾರ್ಜ್ ಇರ್ವಿನ್. ಹೆಚ್ಚುಕಡಿಮೆ ಅದೇ ಕಾಲಕ್ಕೆ ಈಗಾನ್ ಒರೊವಾನ್ ಕೂಡ ಸ್ವತಂತ್ರವಾಗಿ ಅದೇ ದಾರಿ ಹಿಡಿದರು. ಪೆಡಸಾಗಿ ಒಡೆದಂತೆ ಕಾಣುವ ಉಕ್ಕಿನ ಮೇಲ್ಮೈಯಲ್ಲೂ ಶಾಶ್ವತವಾಗಿ ವಿರೂಪಗೊಂಡ ತೆಳು ಪದರವೊಂದಿರುವುದನ್ನು ಒರೊವಾನ್ ಕ್ಷ-ಕಿರಣಗಳಿಂದ ಗುರುತಿಸಿದ್ದರು. ಬಿರುಕಿನ ಚೂಪು ತುದಿಯಲ್ಲಿ ಪೀಡನ ಮಿತಿಮೀರಿದಾಗ ಲೋಹ ಮಣಿಯುತ್ತದೆ, ತುದಿ ಮೊಂಡಾಗುತ್ತದೆ. ಶಕ್ತಿಯ ಬಹುಪಾಲು ಖರ್ಚಾಗುವುದು ಅಲ್ಲೇ. 1948ರಲ್ಲಿ ಇರ್ವಿನ್ ಗ್ರಿಫಿತ್‌ರ ಸಮೀಕರಣವನ್ನು ಹಾಗೇ ಉಳಿಸಿಕೊಂಡು, ಮೇಲ್ಮೈ ಶಕ್ತಿಯ ಜಾಗದಲ್ಲಿ ಈ ಮಣಿಯುವಿಕೆಯ ಖರ್ಚನ್ನೂ ಸೇರಿಸಿದರು. ಇಷ್ಟು ಕಡಿಮೆ ಬದಲಾವಣೆಯಿಂದ ಇಷ್ಟು ದೊಡ್ಡ ಫಲ ಪಡೆದ ತಿದ್ದುಪಡಿಗಳು ಎಂಜಿನಿಯರಿಂಗ್‌ನಲ್ಲಿ ಅಪರೂಪ.

ಆದರೆ ಈ ಮಿತವ್ಯಯಕ್ಕೆ ಬೆಲೆಯಿದೆ. ಇಡೀ ವಿರೂಪತೆಯನ್ನು ಒಂದೇ ಸಂಖ್ಯೆಗೆ ತುಂಬಿದಾಗ, ಆ ಸಂಖ್ಯೆ ವಸ್ತುವಿನ ಸ್ವಂತ ಗುಣವೆಂಬ ಭ್ರಮೆ ಹುಟ್ಟುತ್ತದೆ. ನಿಜದಲ್ಲಿ ಅದು ತಾಪಮಾನ, ಹೊರೆ ಏರುವ ವೇಗ, ತಗಡಿನ ದಪ್ಪ ಎಲ್ಲವನ್ನೂ ಅವಲಂಬಿಸಿದೆ. ತೆಳು ತಗಡಿನಲ್ಲಿ ಲೋಹ ಪಕ್ಕಕ್ಕೂ ಜಗ್ಗಬಲ್ಲದು. ದಪ್ಪ ಹಲಗೆಯ ನಡುವೆ ಸುತ್ತಲಿನ ಲೋಹವೇ ಅದನ್ನು ಬಿಗಿಹಿಡಿಯುತ್ತದೆ. ಇರ್ವಿನ್‌ರ ಅಂದಾಜಿನಂತೆ ಅಲ್ಲಿ ಮಣಿದ ವಲಯ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹೆಚ್ಚು ಉಕ್ಕು ಹಾಕಿದರೆ ಹೆಚ್ಚು ಸುರಕ್ಷಿತ ಎಂಬ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ.

ದಪ್ಪದ ಪ್ರಭಾವ ತಟ್ಟದಂತೆ ಈ ಸಂಖ್ಯೆಯನ್ನು ಅಳೆಯಲು ಹೊರಟ ಪ್ರಮಾಣಿತ ಪರೀಕ್ಷೆಯನ್ನೇ ನೋಡಬಹುದು. ಬಿರುಕು ಮುಂದುವರಿಯದಂತೆ ತಡೆಯುವ ಸಾಮರ್ಥ್ಯವನ್ನು, ಅಂದರೆ ಒಡೆತದ ದೃಢತೆಯನ್ನು, ಮಣಿಯುವ ಪೀಡನದಿಂದ ಭಾಗಿಸಿ, ವರ್ಗ ಮಾಡಿ, 2.5ರಿಂದ ಗುಣಿಸಿದರೆ ಮಾದರಿಗೆ ಬೇಕಾದ ಕನಿಷ್ಠ ದಪ್ಪ ಸಿಗುತ್ತದೆ. 1500 ಮೆಗಾಪಾಸ್ಕಲ್‌ಗೆ ಮಣಿಯುವ, 60 ಮೆಗಾಪಾಸ್ಕಲ್ ರೂಟ್ ಮೀಟರ್ ದೃಢತೆಯ ಉಕ್ಕಿಗೆ 4 ಮಿಲಿಮೀಟರ್ ಸಾಕು. 350ಕ್ಕೆ ಮಣಿಯುವ, 200ರ ದೃಢತೆಯ ಉಕ್ಕಿಗೆ ಬೇಕಾದದ್ದು 80 ಸೆಂಟಿಮೀಟರ್‌ಗೂ ಹೆಚ್ಚು! ಸೇತುವೆ, ಹಡಗು, ಒತ್ತಡದ ಪಾತ್ರೆಗಳಿಗೆ ನಾವು ಬಯಸುವ, ಚೆನ್ನಾಗಿ ಮಣಿಯುವ ಉಕ್ಕನ್ನೇ ಈ ವಿಧಾನ ಅಳೆಯಲಾರದು.

ಈ ತೊಡಕಿಗೆ ಉತ್ತರವಾಗಿ, ಬೆಸುಗೆ ಸಂಶೋಧನೆಯಿಂದ ಬಂದ ಎ. ಎ. ವೆಲ್ಸ್ 1960ರ ದಶಕದ ಆರಂಭದಲ್ಲಿ ಬಿರುಕಿನ ತುದಿ ಎಷ್ಟು ಬಾಯಿ ತೆರೆಯಿತು ಎಂಬುದನ್ನೇ ಅಳತೆಗೋಲಾಗಿಸಿದರು. ಕಣ್ಣಿಗೆ ಕಾಣುವ ಸಂಗತಿಯಿಂದ ಹೊರಟ ಆ ಯೋಚನೆಯ ಪ್ರಾಮಾಣಿಕತೆ ಇಂದಿಗೂ ಮೆಚ್ಚುವಂಥದ್ದು. 1968ರಲ್ಲಿ ಜೇಮ್ಸ್ ರೈಸ್ ಕೊಟ್ಟ, ಬಿರುಕಿನ ತುದಿಯ ಸುತ್ತಲಿನ ಶಕ್ತಿಯನ್ನು ಲೆಕ್ಕ ಹಾಕುವ ಜೆ-ಸಮಾಕಲನ ಗಣಿತದಲ್ಲಿ ಹೆಚ್ಚು ಗಟ್ಟಿ. ಅದರಿಂದಾಗಿ ಚಿಕ್ಕ ಮಾದರಿಗಳಲ್ಲೇ ಚೆನ್ನಾಗಿ ಮಣಿಯುವ ಉಕ್ಕನ್ನು ಪರೀಕ್ಷಿಸುವುದು ಸಾಧ್ಯವಾಯಿತು. ಆದರೂ ಅದು ವಿರೂಪವನ್ನು ಹಿಂದಿರುಗಬಲ್ಲದ್ದೆಂದೇ ಭಾವಿಸಿ ಲೆಕ್ಕ ಹಾಕುತ್ತದೆ. ಹೊರೆ ಏರುತ್ತಿರುವವರೆಗೆ ಇದು ನಡೆಯುತ್ತದೆ. ಬಿರುಕು ಗಣನೀಯವಾಗಿ ಮುಂದೆ ಸರಿದಾಗ ಹಿಂದೆ ಉಳಿದ ಲೋಹದ ಹೊರೆ ಇಳಿಯುತ್ತದೆ, ಮಣಿದದ್ದು ಮಣಿದಂತೆಯೇ ಉಳಿಯುತ್ತದೆ. ರೈಸ್‌ರ ಊಹೆ ಸಡಿಲವಾಗುವುದು ಅಲ್ಲಿ.