ಗದಾಯುದ್ಧದ ಮರುಳ್ಗಳೂ ಕರ್ಣನ ಮೌನವೂ

ತರುಣರು ಆಸೆಪಟ್ಟು ಓದುವ ಪ್ರೇತಕಥೆಗಳಿಗೆ ಒಂದು ಕಟ್ಟಳೆಯುಂಟು. ಅಕಾಲದಲ್ಲಿ ಸತ್ತವರೊಬ್ಬರು ನೆಮ್ಮದಿಯಿಲ್ಲದೆ ಅಲೆಯುತ್ತಿರುವರು. ಆ ಸಾವಿನ ಹಿಂದೆ ಒಂದು ಗುಟ್ಟು ಅಡಗಿರುವುದು. ಒಬ್ಬರಿಗೊಬ್ಬರು ಪ್ರಾಣಕೊಡುವ ಇಬ್ಬರು ಮೂವರು ಗೆಳೆಯರು ಭಯವನ್ನು ಮೆಟ್ಟಿ ಆ ಗುಟ್ಟನ್ನು ಬಿಡಿಸುವರು. ಅದು ಬಯಲಾದೊಡನೆ ಪ್ರೇತಕ್ಕೆ ಬಿಡುಗಡೆಯಾಗಿ, ಉಳಿದವರ ದುಃಖಕ್ಕೂ ಒಂದು ದಡ ಸಿಕ್ಕುವುದು. ಇಂಗ್ಲಿಷಿನಲ್ಲಿ ಜೊನಾಥನ್ ಸ್ಟ್ರೌಡ್ ಎಂಬವರು 2013ರಲ್ಲಿ ಪ್ರಕಟಿಸಿದ 'ದಿ ಸ್ಕ್ರೀಮಿಂಗ್ ಸ್ಟೇರ್‌ಕೇಸ್' ಎಂಬ ಕಾದಂಬರಿಯಲ್ಲಿ ಕೊಲೆಯಾದ ಹೆಂಗಸಿನ ಪ್ರೇತವೇ ಕೊಲೆಗಾರನ ಜಾಡನ್ನು ಹಿಡಿಯುವುದಕ್ಕೆ ಕಾರಣವಾಗುವುದು. ಈ ಮಾರ್ಗಕ್ಕೆ ಹ್ಯಾಮ್ಲೆಟ್ಟನ ತಂದೆಯ ಪ್ರೇತವೇ ಹಿರಿಯನೆಂದರೂ ಸಲ್ಲುವುದು. ಈ ಕಥೆಗಳಲ್ಲಿ ಪ್ರೇತವೆಂದರೆ ಸಾಕ್ಷಿ. ಸತ್ತವರು ಮಾತಾಡುವರೆಂಬ ಭರವಸೆಯ ಮೇಲೆ ಇವು ನಿಂತಿವೆ. ಮರಣದ ಪರಿಚಯ ಆಗತಾನೆ ಆಗುತ್ತಿರುವ ವಯಸ್ಸಿಗೆ ಈ ಭರವಸೆ ಎಷ್ಟು ಹಿತವಾದುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ವಯಸ್ಸಿನ ಕನ್ನಡ ವಿದ್ಯಾರ್ಥಿಯ ಕೈಗೆ ಬರುವ ಇನ್ನೊಂದು ಕೃತಿಯಲ್ಲಿ ಪ್ರೇತವೂ ಇದೆ, ಗೆಳೆತನವೂ ಇದೆ, ಸಾವೂ ಗುಟ್ಟೂ ಇವೆ. ಆದರೆ ಆ ಭರವಸೆ ಮಾತ್ರ ಇಲ್ಲ. ಪದವಿಪೂರ್ವ ತರಗತಿಯ ಪಠ್ಯದಲ್ಲಿ 'ದುರ್ಯೋಧನ ವಿಲಾಪ'ವೆಂಬ ಹೆಸರಿನಿಂದ ಸೇರಿದ, ರನ್ನನ 'ಸಾಹಸಭೀಮವಿಜಯ'ದ ಭಾಗವೇ ಅದು. ಮುದುವೊಳಲಿನ, ಎಂದರೆ ಇಂದಿನ ಮುಧೋಳದ, ಬಳೆಗಾರರ ಮನೆತನದಲ್ಲಿ ಹುಟ್ಟಿ, ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದ ಈತನು ತನ್ನ ಒಡೆಯನಾದ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನೊಡನೆ ಒಂದುಮಾಡಿ ಈ ಹತ್ತು ಆಶ್ವಾಸಗಳ ಕಾವ್ಯವನ್ನು ರಚಿಸಿದನು. ಸಂಕಲ್ಪವು ಭೀಮನ ಕೀರ್ತಿಗಾದರೂ ಕಾವ್ಯದ ಹೃದಯವು ದುರ್ಯೋಧನನ ಕಡೆಗೆ ವಾಲಿತೆಂಬುದನ್ನು ವಿಮರ್ಶಕರು ಬಹುಕಾಲದಿಂದ ಹೇಳುತ್ತ ಬಂದಿರುವರು, ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ಇದನ್ನು 'ಗದಾಯುದ್ಧನಾಟಕ'ವಾಗಿ ಕಡೆದುದೂ ಆ ಅರಿವಿನಿಂದಲೇ. ನಾಯಕನು ಯಾರೆಂಬ ಆ ಹಳೆಯ ಚರ್ಚೆ ಇಲ್ಲಿ ಬೇಕಿಲ್ಲ. ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯಂತಹ ಹೋಬಳಿಯ ಊರಿನಲ್ಲಿ ಬೆಳೆದ ಹದಿನಾರು ವರ್ಷದ ಓದುಗನಿಗೋ ಓದುಗಳಿಗೋ ಈ ಪ್ರಕರಣವು ಏನನ್ನು ಕೊಡುವುದೆಂಬುದೇ ಇಲ್ಲಿಯ ವಿಚಾರ.

ಅಂತಹ ಓದುಗರಿಗೆ ಸತ್ತವರ ಎರಡು ಬಗೆ ಮೊದಲೇ ಗೊತ್ತು. ಮಹಾಲಯದ ಅಮಾವಾಸ್ಯೆಯಲ್ಲಿ ಎಡೆಯಿಟ್ಟು ಹೆಸರು ಹಿಡಿದು ಕರೆಯುವ ಹಿರಿಯರು ಒಂದು ಬಗೆ. ಹುಣಿಸೆಯ ಮರದಲ್ಲಿಯೋ ಹಾಳು ಬಾವಿಯಲ್ಲಿಯೋ ಇರುವುದೆಂದು ಹೇಳಿ ಮಕ್ಕಳನ್ನು ಹೆದರಿಸುವ, ಯಾರದೆಂದು ತಿಳಿಯದ ದೆವ್ವ ಇನ್ನೊಂದು ಬಗೆ. ಎಡೆಯುಣ್ಣುವ ಅಜ್ಜನನ್ನು ಯಾರೂ ದೆವ್ವವೆನ್ನರು. ಒಬ್ಬನು ನಮ್ಮವನು, ಇನ್ನೊಂದು ಬೇರೆಯವರದು. ಈ ಸಣ್ಣ ಭೇದವನ್ನು ನೆನಪಿನಲ್ಲಿಟ್ಟುಕೊಂಡು ರನ್ನನ ರಣರಂಗಕ್ಕೆ ಹೋದರೆ ಅಲ್ಲಿಯ ವ್ಯವಸ್ಥೆಯು ಥಟ್ಟನೆ ಬೆಳಗುವುದು.

ಕುರುಸೈನ್ಯವೆಲ್ಲ ಅಳಿದಿದೆ. ಶರಶಯ್ಯೆಯಲ್ಲಿರುವ ಭೀಷ್ಮನನ್ನು ಕಾಣುವುದಕ್ಕಾಗಿ ದುರ್ಯೋಧನನು ಸಂಜಯನೊಬ್ಬನನ್ನೇ ಜತೆಗೊಂಡು, ಹೆಣದ ರಾಶಿಗಳ ನಡುವೆ ಕಾಲೂರಲು ಎಡೆಯಿಲ್ಲದ ದಾರಿಯಲ್ಲಿ ನಡೆಯುವನು. ಅಲ್ಲಿ ಮರುಳ್ಗಳು ನೆರೆದಿವೆ. ಕುಡಿಯುತ್ತ, ತಿನ್ನುತ್ತ, ಎಡವಿದ ಅರಸನನ್ನು ನೋಡಿ ನಗುತ್ತ ಇವೆ. ನೆತ್ತರಿನ ಹೊಳೆಗಳ ಬಣ್ಣನೆಯಲ್ಲಿ ರನ್ನನು ಅಳತೆಯನ್ನು ಮೀರಿರುವನೆಂದು ಒಪ್ಪಬೇಕು. ಒಂದೆರಡು ಪದ್ಯಗಳು ಕಡಮೆಯಾಗಿದ್ದರೆ ಕಾವ್ಯಕ್ಕೆ ನಷ್ಟವಿರಲಿಲ್ಲ. ಆದರೆ ಮರುಳ್ಗಳ ಮಾತು ಬೇರೆ. 'ಮರುಳ್' ಎಂಬ ಶಬ್ದಕ್ಕೆ ಪಿಶಾಚವೆಂದೂ ಅರ್ಥ, ಬುದ್ಧಿಭ್ರಮೆಯೆಂದೂ ಅರ್ಥ. ಯಾರು ಮರುಳು ಎಂಬ ಚೇಷ್ಟೆಯನ್ನು ಕವಿಯು ಈ ಶ್ಲೇಷೆಯ ಮೇಲೆ ಕಟ್ಟಿರುವನು. ರಾಜಸಭೆಯಲ್ಲಿ ಯಾರೂ ಆಡಲಾರದ ಮಾತನ್ನು, ಈ ಸರ್ವನಾಶಕ್ಕೆ ನಿನ್ನ ಮರುಳೇ ಮೂಲವೆಂಬುದನ್ನು, ಆಡುವ ಸ್ವಾತಂತ್ರ್ಯವು ಇವಕ್ಕಿದೆ. ತರಗತಿಯಲ್ಲಿ ಈ ಭಾಗವು ಬೀಭತ್ಸವೆಂದು ಹಾರಿಸಿ ನೇರವಾಗಿ ವಿಲಾಪಕ್ಕೆ ಬಂದರೆ ನಷ್ಟವು ದೊಡ್ಡದು. ಏಕೆಂದರೆ ಈ ಪ್ರಕರಣದಲ್ಲಿ ಪ್ರೇತವರ್ಗಕ್ಕೆ ಸೇರಿದವುಗಳಲ್ಲಿ ಬಾಯಿಬಿಡುವುವು ಇವು ಮಾತ್ರ. ಇವುಗಳಲ್ಲಿ ಒಂದೂ ಅವನಿಗೆ ಬೇಕಾದವರ ಪ್ರೇತವಲ್ಲ. ಹೆಸರಿಲ್ಲದ, ಊರಿಲ್ಲದ, ಹಸಿದ ಮರುಳ್ಗಳು. ಅವನು ಯಾರ ಒಂದು ಮಾತಿಗಾಗಿ ಹಂಬಲಿಸುವನೋ ಅವರೆಲ್ಲರೂ ಹೆಣಗಳಾಗಿಯೇ ಇರುವರು.

ಆ ಹೆಣಗಳನ್ನು ಕವಿಯು ಕಾಣಿಸುವ ಬಗೆಯನ್ನು ಸಾವಧಾನವಾಗಿ ನೋಡಬೇಕು. ಮೊದಲು ಗುರುವಾದ ದ್ರೋಣ. ಅನಂತರ ಶತ್ರುವಿನ ಮಗನಾದ ಅಭಿಮನ್ಯು. ಈ ಬಾಲಕನ ಸಾಹಸದಲ್ಲಿ ಒಂದು ಪಾಲಿನಷ್ಟಾದರೂ ಹೊಂದಿದ ಮರಣವು ತನಗೆ ದೊರೆಯಲೆಂದು ದುರ್ಯೋಧನನು ಕೈಮುಗಿದು ಬೇಡುವನು. ಆಮೇಲೆ ಸ್ವಂತ ಮಗ ಲಕ್ಷಣಕುಮಾರ. ಮಗನು ತಂದೆಗೆ ಕೊಡಬೇಕಾದ ತರ್ಪಣವನ್ನು ತಂದೆಯೇ ಮಗನಿಗೆ ಕೊಡುವಂತಾಯಿತಲ್ಲಾ ಎಂದು ಅಲ್ಲಿ ಕೊರಗು. ಆಮೇಲೆ ದುಶ್ಶಾಸನ. ತಾಯ ಮೊಲೆವಾಲಿನಿಂದ ಮೊದಲಾಗಿ ಎಲ್ಲವನ್ನೂ ತಾನುಂಡ ಬಳಿಕ ಉಂಡ ತಮ್ಮನು ಸಾವನ್ನು ಮಾತ್ರ ತನಗಿಂತ ಮೊದಲು ಉಂಡನಲ್ಲಾ ಎಂದು ಇಲ್ಲಿ ಗೋಳು. ಎರಡು ಕಡೆಯೂ ದುಃಖವು ಸರದಿ ತಪ್ಪಿದುದರ ದುಃಖ. ಮನೆಯೊಳಗಿನ ಕ್ರಮವು ತಲೆಕೆಳಗಾದುದರ ದುಃಖ. ಮಗನಿಗೂ ತಮ್ಮನಿಗೂ ಹೀಗೆ ಒಂದು ಕ್ರಮವುಂಟು. ಗೆಳೆಯನಿಗೆ ಯಾವ ಸರದಿ? ಅವನು ಉತ್ತರಕ್ರಿಯೆಯ ಪಟ್ಟಿಯಲ್ಲಿಲ್ಲ, ಎಡೆಗೆ ಕರೆಯುವ ಹೆಸರುಗಳಲ್ಲಿಯೂ ಇಲ್ಲ. ಜತೆಯ ಹುಡುಗನನ್ನು ಹೊಳೆಗೋ ಹಾವಿಗೋ ಕಳೆದುಕೊಂಡ ಹಳ್ಳಿಯ ಮಕ್ಕಳಿಗೆ ಇದು ತಿಳಿಯದ ಸಂಗತಿಯಲ್ಲ. ಸೂತಕವೆಲ್ಲ ಮನೆಯವರಿಗೆ, ಗೆಳೆಯನಿಗೆ ಅಳುವ ಹಕ್ಕನ್ನು ಕೊಟ್ಟ ಶಾಸ್ತ್ರವಿಲ್ಲ.

ಕರ್ಣನ ಕಳೇಬರದ ಮುಂದೆ ರನ್ನನ ಮಾತು ಬದಲಾಗುವುದು ಇದರಿಂದಲೇ. ಇಲ್ಲಿ ಉಪಮಾನಗಳ ಭಾರವಿಲ್ಲ, ಮಕ್ಕಳ ಎಣಿಕೆಯಂತಹ ಸರಳವಾದ ಲೆಕ್ಕವೊಂದಿದೆ. ನಾನು, ದುಶ್ಶಾಸನ, ನೀನು ಎಂದು ಮೂವರಿದ್ದೆವು. ಅವನು ಹೋದಮೇಲೆ ನಾನೂ ನೀನೂ ಇಬ್ಬರಾದೆವು. ಈಗ ನೀನೂ ಎಲ್ಲಿಗೆ ಹೋದೆ ಎಂಬ ಭಾವ. ಹನ್ನೊಂದು ಅಕ್ಷೌಹಿಣಿಯ ಒಡೆಯನಿಗೆ ತನ್ನವರು ಮೂವರೇ ಇದ್ದರೆಂಬುದು ಈ ಕಳೆಯುವ ಲೆಕ್ಕದಿಂದ ಹೊರಬೀಳುವುದು. ಬಳಿಕ ಕೇಳುವನು: ನಿನ್ನ ಕೆಳೆಯನು ಬಂದಿರುವನು, ಏಕೆ ನೋಡಲೊಲ್ಲೆ, ಏಕೆ ಅಪ್ಪಿಕೊಳ್ಳಲೊಲ್ಲೆ, ಜೀಯ ಎನ್ನದೆ ದೇವ ಎನ್ನದೆ ಏಕೆ ಸುಮ್ಮನಿರುವೆ? ಪ್ರೇತಕಥೆಯಾಗಿದ್ದರೆ ಹೆಣವು ಇಲ್ಲಿ ಕಣ್ತೆರೆಯಬೇಕಿತ್ತು. ಅಷ್ಟೊಂದು ಮರುಳ್ಗಳನ್ನು ಕುಣಿಸಿ ನಗಿಸಿ ಮಾತಾಡಿಸಿದ ಕವಿಗೆ ಕರ್ಣನ ಬಾಯಿಂದ ಒಂದು ಮಾತು ಹೊರಡಿಸುವುದು ಕಷ್ಟವಾಗಿರಲಿಲ್ಲ. ಅವನು ಹೊರಡಿಸಲಿಲ್ಲ.

ಹೊರಡಿಸದೆ, ಗುಟ್ಟನ್ನು ಬದುಕಿರುವವನ ಬಾಯಿಂದಲೇ ಹೊರಗೆಡವಿದನು. ಕರ್ಣನು ಯಾರೆಂಬುದನ್ನು ಕುಂತಿ ಬಲ್ಲಳು, ಕೃಷ್ಣ ಬಲ್ಲನು, ಸೂರ್ಯ ಬಲ್ಲನು, ಸಹದೇವ ಬಲ್ಲನು. ನಾನೂ ಬಲ್ಲೆನೆಂದು ದುರ್ಯೋಧನನು ಹೆಣದ ಮುಂದೆ ಹೇಳುವನು. ವ್ಯಾಸಭಾರತದಲ್ಲಿ ಧರ್ಮರಾಯನಿಗೆ ಈ ಸಂಗತಿ ತಿಳಿಯುವುದು ಸ್ತ್ರೀಪರ್ವದಲ್ಲಿ, ಜಲಾಂಜಲಿಯ ಹೊತ್ತಿನಲ್ಲಿ, ಕುಂತಿಯ ಬಾಯಿಂದ. ಅಲ್ಲಿ ಅದು ತಾಯಿಯ ಗುಟ್ಟು. ರನ್ನನಲ್ಲಿ ಗೆಳೆಯನ ಗುಟ್ಟು. ಕರ್ಣನಿಗೂ ತನ್ನ ಹುಟ್ಟು ಯುದ್ಧಕ್ಕೆ ಮುಂಚೆ ತಿಳಿದಿತ್ತೆಂಬುದನ್ನು ನೆನೆದರೆ, ಒಂದೇ ಸತ್ಯವನ್ನು ಇಬ್ಬರೂ ಎದೆಯಲ್ಲಿಟ್ಟುಕೊಂಡು ಒಂದೇ ರಥದ ಬಳಿ ನಿಂತಿದ್ದರೆಂದಾಯಿತು. ಅದೇ ವಿಲಾಪದಲ್ಲಿ, ನೀನಿದ್ದ ನಾಡಿನಲ್ಲಿ ಸುಳ್ಳೂ ಲೋಭವೂ ಭಯವೂ ಇರುವುವೆ ಎಂದು ಕರ್ಣನನ್ನು ಹೊಗಳಿರುವುದು ಇದರಿಂದ ಎಷ್ಟು ಕಹಿಯಾಗುವುದು! ಸುಳ್ಳಿಲ್ಲದವನನ್ನು ಮೌನದಿಂದ ಬಳಸಿಕೊಂಡವನು ಆಡುವ ಹೊಗಳಿಕೆ ಅದು.

'ಚಂದಮಾಮ' ಈಗ ನಿಂತುಹೋಗಿದ್ದರೂ ಅದರ ಬೇತಾಳ ಕಥೆಗಳ ನೆನಪು ಕನ್ನಡದ ಮನೆಗಳಲ್ಲಿ ಇನ್ನೂ ಇದೆ. ಉತ್ತರ ತಿಳಿದೂ ಹೇಳದಿದ್ದರೆ ನಿನ್ನ ತಲೆ ಹೋಳಾಗುವುದೆಂದು ಹೆಣದೊಳಗಿನ ಬೇತಾಳನು ವಿಕ್ರಮನನ್ನು ಹೆದರಿಸುವನು. ರನ್ನನ ರಣರಂಗದಲ್ಲಿ ಪ್ರಶ್ನೆ ಕೇಳುವ ಹೆಣವಿಲ್ಲ. ತಿಳಿದೂ ಹೇಳದೆ ಉಳಿದ ಅರಸನು ಮಾತ್ರ ಇರುವನು. ಶಿಕ್ಷೆಯನ್ನು ವಿಧಿಸುವವರಿಲ್ಲದಿರುವುದೇ ಅವನ ಶಿಕ್ಷೆಯಾಗಿದೆ.

ಓದುವ ಹುಡುಗನು ಇಲ್ಲಿ ಕೇಳಿಯೇ ಕೇಳುವನು: ತಿಳಿದಿದ್ದರೆ ಏಕೆ ಹೇಳಲಿಲ್ಲ? ಸ್ನೇಹದ ಹಿರಿಮೆಯನ್ನು ಬಣ್ಣಿಸಿ ಮುಂದಿನ ಪದ್ಯಕ್ಕೆ ಸಾಗುವ ವ್ಯಾಖ್ಯಾನಗಳು ಈ ಪ್ರಶ್ನೆಯನ್ನು ಕೊಂದುಬಿಡುವುವು. ಅದಕ್ಕೆ ಒಂದು ಕ್ರೂರವಾದ ಉತ್ತರವು ರನ್ನನಿಗಿಂತ ಮೊದಲೇ ಪಂಪನಲ್ಲಿದೆ. 'ವಿಕ್ರಮಾರ್ಜುನವಿಜಯ'ದಲ್ಲಿ ಕೃಷ್ಣನು ಕರ್ಣನಿಗೆ ಹುಟ್ಟಿನ ಗುಟ್ಟನ್ನು ತಿಳಿಸುವಾಗ, ದುರ್ಯೋಧನನು ಇದನ್ನು ಬಲ್ಲನೆಂದೂ ಮುಳ್ಳಿನಿಂದ ಮುಳ್ಳನ್ನು ಕಳೆಯುವಂತೆ ನಿನ್ನನ್ನು ಸಾಕಿರುವನೆಂದೂ ಸೂಚಿಸುವನು. ಭೇದೋಪಾಯಕ್ಕೆ ಬಂದವನ ಮಾತೆಂದು ಇದನ್ನು ತಳ್ಳಿಹಾಕಬಹುದು. ಆದರೆ ಗುಟ್ಟು ಮುಂಚೆಯೇ ಗೊತ್ತಿತ್ತೆಂಬುದನ್ನು ರನ್ನನ ದುರ್ಯೋಧನನೇ ಒಪ್ಪಿಕೊಂಡಮೇಲೆ ಪೂರ್ತಿಯಾಗಿ ತಳ್ಳಿಹಾಕಲು ಬಾರದು. ಹೇಳಿದ್ದರೆ ಕರ್ಣನೇ ಪಾಂಡವರಿಗೆ ಹಿರಿಯನಾಗುತ್ತಿದ್ದನು. ಯುದ್ಧವೂ ತಪ್ಪುತ್ತಿತ್ತೋ ಏನೋ. ಗೆಳೆಯನು ಮಾತ್ರ ಅಣ್ಣನಾಗಿ ಆಚೆಯ ದಡಕ್ಕೆ ಹೋಗುತ್ತಿದ್ದನು. ಅಗಲಲಾರದ ಪ್ರೀತಿಯೂ ಬಿಡಲಾರದ ಸ್ವಾರ್ಥವೂ ಆ ಮೌನದಲ್ಲಿ ಒಂದೇ ನೂಲಾಗಿ ಹೊಸೆದುಕೊಂಡಿವೆ. ಎರಡನ್ನೂ ಬೇರ್ಪಡಿಸಿ ಹೇಳಬಲ್ಲವನು ಕರ್ಣನೊಬ್ಬನೇ, ಅವನು ಸುಮ್ಮನಿರುವನು.

ಬರಿಯ ಸ್ವಾರ್ಥವಾಗಿರಲಿಲ್ಲವೆಂಬುದಕ್ಕೆ ಸಾಕ್ಷ್ಯವು ಕಾವ್ಯದಲ್ಲಿಯೇ ಇದೆ. ಭೀಷ್ಮನ ಬಳಿ ಸೇರಿದಾಗ ಮುದುಕನು ಸಂಧಿಯ ಮಾತೆತ್ತುವನು. ಕರ್ಣನು ಮುಳ್ಳು ತೆಗೆಯುವ ಮುಳ್ಳು ಮಾತ್ರವಾಗಿದ್ದರೆ, ಅವನು ಹೋದಮೇಲೆಯೂ ನೆಲದಲ್ಲಿ ಪಾಲು ಸಿಕ್ಕುವುದಾದರೆ ಒಪ್ಪಬೇಕಾದುದು ನ್ಯಾಯ. ದುರ್ಯೋಧನನು ಒಪ್ಪಲಿಲ್ಲ. ತಾನು ಕಾದುವುದು ನೆಲಕ್ಕಾಗಿಯಲ್ಲ, ಛಲಕ್ಕಾಗಿ. ಈ ನೆಲವು ತನಗೆ ಪಾಳುನೆಲ. ದಿನಪಸುತನನ್ನು ಕೊಲ್ಲಿಸಿದ ನೆಲದೊಡನೆ ಇನ್ನು ಕೂಡಿ ಬಾಳೆನೆಂದು ಆ ಹಿರಿಯನ ಮುಂದೆಯೇ ಹೇಳಿ, ಅಲ್ಲಿಂದ ವೈಶಂಪಾಯನ ಸರೋವರದ ಕಡೆಗೆ ನಡೆದನು.