ಯುದ್ಧನೌಕೆಯ ಚಿತ್ರಗಳೂ ಅನುಮೋದನೆಯ ದೋಷವೂ

ಬ್ರಿಟನ್ನಿನ ಯುದ್ಧನೌಕೆ ‘ಹುಡ್’ನ ಛಾಯಾಚಿತ್ರಗಳನ್ನು ಕಾಲಕ್ರಮದಲ್ಲಿಯೇ ನೋಡತಕ್ಕದ್ದು. 1923-24ರ ವಿಶ್ವಪರ್ಯಟನದ ಚಿತ್ರಗಳಲ್ಲಿ ಅದು ಬಂದರುಗಳಲ್ಲಿ ಜನಸ್ತೋಮವನ್ನು ಸೆಳೆದ ಭವ್ಯದರ್ಶನ. ಎಂಟು ಮಹಾಫಿರಂಗಿಗಳೂ ಅಲ್ಲಿ ಆಭರಣಗಳಂತೆ ತೋರುತ್ತವೆ. ಅದೇ ನೌಕೆ 1940ರ ಜುಲೈ 3ರಂದು, ಇತರ ನೌಕೆಗಳೊಡನೆ, ಅಲ್ಜೀರಿಯದ ಕರಾವಳಿಯಲ್ಲಿ ನಿನ್ನೆಯವರೆಗೆ ಮಿತ್ರರಾಗಿದ್ದ ಫ್ರೆಂಚರ ಹಡಗುಗಳ ಮೇಲೆ ಗುಂಡುಗರೆಯಿತು. ಸಾವಿರಕ್ಕೂ ಮಿಕ್ಕಿ ನಾವಿಕರು ಮಡಿದರು. 1941ರ ಮೇ 24ರಂದು ಜರ್ಮನ್ ನೌಕೆಯಿಂದ ತೆಗೆದ ಚಿತ್ರದಲ್ಲಿ ‘ಹುಡ್’ ಇದ್ದೆಡೆ ಹೊಗೆ ಮಾತ್ರ ಕಾಣುತ್ತದೆ. ಅದರಲ್ಲಿದ್ದ 1,418 ಮಂದಿಯಲ್ಲಿ ಬದುಕುಳಿದವರು ಮೂವರು.

ಹಿಂಸೆಯ ಉಪಕರಣವನ್ನು ಅದರ ಫಲದಿಂದ ಬೇರ್ಪಡಿಸಿ ತೋರಿಸುವುದೇ ಮೊದಲ ಚಿತ್ರಗಳ ದೋಷ. ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿಯೂ ಹಿಂಸೆಯನ್ನು ಕಾಣುವ ಜೈನಾಚಾರ್ಯರ ದೃಷ್ಟಿಯಲ್ಲಿ, ಅಂದು ಬಂದರಿನಲ್ಲಿ ನೆರೆದವರ ಮೆಚ್ಚುಗೆಯೂ ನಿರ್ದೋಷವಲ್ಲ. ಆ ಚಿತ್ರಗಳನ್ನು ಇಂದು ನೋಡುವ ಶ್ರಾವಕನು ಹೊಗೆಯ ಚಿತ್ರವನ್ನೂ ಪಕ್ಕದಲ್ಲಿರಿಸಿಕೊಳ್ಳಬೇಕು.